ಮನೆಯಲ್ಲೊಂದು ಬರಹದ ಪುಸ್ತಕವಿರಲಿ



ನಿಮ್ಮ ಧರ್ಮಕೇಂದ್ರದ ಕಚೇರಿಯಲ್ಲಿ ಒಂದು ಕಬ್ಬಿಣದ ಬೀರು ಇರುತ್ತದೆ. ಅದರೊಳಗೆ ದಪ್ಪ ರಟ್ಟಿನ ಉದ್ದನೆಯ ಪುಸ್ತಕಗಳನ್ನು ಸಾಲಾಗಿ ಇಟ್ಟಿರುತ್ತಾರೆ. ನಿಮ್ಮಲ್ಲಿ ಹೆಚ್ಚಿನವರಿಗೆ ಅವುಗಳ ನೆನಪಾಗುವುದು ಮಗಳ ಮದುವೆ ಗೊತ್ತಾದಾಗ, ಇಲ್ಲವೇ ಯಾವುದಾದರೂ ಕಚೇರಿಯವರು ಹಳೆಯ ದಾಖಲೆ ಕೇಳಿದಾಗ. ಹಿರಿಯರೊಬ್ಬರು ಜ್ಞಾನಸ್ನಾನದ ಪ್ರಮಾಣಪತ್ರಕ್ಕೆಂದು ಬರುತ್ತಾರೆ. ಹುಟ್ಟಿದ ತಾರೀಖು ಯಾವುದೆಂದು ಕೇಳಿದರೆ, "ಕೆರೆ ಕೋಡಿ ಬಿದ್ದ ವರ್ಷ ಫಾದರ್, ಸಂತ ಅಂತೋಣಿಯವರ ಹಬ್ಬ ಕಳೆದು ಒಂದು ವಾರಕ್ಕೆ ಅಂತ ನಮ್ಮವ್ವ ಹೇಳೋಳು" ಎನ್ನುತ್ತಾರೆ. ಹಾಳೆ ತಿರುವುತ್ತಾ ಹೋದರೆ ಎಲ್ಲೋ ಒಂದು ಕಡೆ, ಮಾಸಿದ ಶಾಯಿಯಲ್ಲಿ ಅವರ ಹೆಸರು, ತಂದೆತಾಯಿಯ ಹೆಸರು, ಜ್ಞಾನಪಿತೃಗಳ ಹೆಸರು, ತಾರೀಖು ಎಲ್ಲವೂ ಸಿಗುತ್ತವೆ. ಬರೆದ ಗುರುಗಳು ತೀರಿಹೋಗಿರುತ್ತಾರೆ, ಜ್ಞಾನಪಿತೃಗಳೂ ಇರುವುದಿಲ್ಲ. ಆದರೆ ಆ ಒಂದು ಸಾಲು ಉಳಿದಿರುತ್ತದೆ.

ಈ ಪುಸ್ತಕಗಳನ್ನು ಇಡುವ ಪದ್ಧತಿ ಧರ್ಮಸಭೆಗೆ ಬಂದದ್ದು ಕೇವಲ ಆಡಳಿತದ ಅನುಕೂಲಕ್ಕಾಗಿ ಅಲ್ಲ. 1563ರಲ್ಲಿ ಟ್ರೆಂಟ್ ಮಹಾಸಭೆಯು ವಿವಾಹಗಳು ಧರ್ಮಕೇಂದ್ರದ ಗುರುವಿನ ಮುಂದೆ, ಸಾಕ್ಷಿಗಳ ಎದುರಿನಲ್ಲಿ ನಡೆಯಬೇಕು, ಅವುಗಳನ್ನು ಪುಸ್ತಕದಲ್ಲಿ ಬರೆದಿಡಬೇಕು ಎಂದು ಕಟ್ಟಳೆ ಮಾಡಿತು. ಏಕೆಂದರೆ ಅದಕ್ಕೆ ಮೊದಲು ಗುಟ್ಟಿನ ಮದುವೆಗಳು ಬಹಳ ನಡೆಯುತ್ತಿದ್ದವು. ಒಬ್ಬಳಿಗೆ ಗುಟ್ಟಾಗಿ ಮಾತು ಕೊಟ್ಟು, ಆಮೇಲೆ ಅವಳನ್ನು ಬಿಟ್ಟು, ಇನ್ನೊಬ್ಬಳನ್ನು ಎಲ್ಲರ ಮುಂದೆ ಮದುವೆಯಾಗುವವನನ್ನು ಹಿಡಿಯುವುದಕ್ಕೆ ಯಾವ ದಾರಿಯೂ ಇರಲಿಲ್ಲ. ಮೊದಲನೆಯವಳ ಕೈಯಲ್ಲಿ ಏನೂ ಇರುತ್ತಿರಲಿಲ್ಲ. ಮುಂದೆ 1614ರ ರೋಮನ್ ವಿಧಿಗ್ರಂಥದಲ್ಲಿ ಜ್ಞಾನಸ್ನಾನ, ದೃಢೀಕರಣ, ವಿವಾಹ, ಮರಣ ಮುಂತಾದ ದಾಖಲೆಗಳನ್ನು ಬರೆಯುವ ಮಾದರಿಗಳನ್ನೇ ಕೊಡಲಾಯಿತು. ಇಂದಿಗೂ 1983ರ ಧರ್ಮಸಭೆಯ ಕಾನೂನು ಸಂಹಿತೆಯ 535ನೆಯ ವಿಧಿಯಂತೆ ಪ್ರತಿ ಧರ್ಮಕೇಂದ್ರವೂ ಈ ಪುಸ್ತಕಗಳನ್ನು ಇಡಲೇಬೇಕು. ನೀವು ಯಾವ ಊರಿನಲ್ಲಿ ಮದುವೆಯಾದರೂ ಆ ಸುದ್ದಿ ನಿಮ್ಮ ಜ್ಞಾನಸ್ನಾನದ ಸಾಲಿನ ಪಕ್ಕಕ್ಕೆ ಬಂದು ಸೇರಬೇಕೆಂಬ ನಿಯಮವಿರುವುದೂ ಇದೇ ಕಾರಣಕ್ಕೆ.

ಇಷ್ಟನ್ನು ಹೇಳಿದ್ದು ಇತಿಹಾಸದ ಪಾಠಕ್ಕಲ್ಲ. ಬಾಯಿಮಾತು ಯಾವಾಗಲೂ ಬಲವುಳ್ಳವನ ಕಡೆಗೆ ವಾಲುತ್ತದೆ. ಗಟ್ಟಿಯಾಗಿ ಮಾತನಾಡುವವನು, ನಾಲ್ಕು ಜನರ ಬೆಂಬಲವಿರುವವನು, "ನಾನು ಹಾಗೆ ಹೇಳಲೇ ಇಲ್ಲ" ಎಂದು ದಬಾಯಿಸಬಲ್ಲವನು ಗೆಲ್ಲುತ್ತಾನೆ. ವಿಧವೆ, ತಂಗಿ, ಕೂಲಿಯವನು, ಓದುಬರಹ ಕಡಿಮೆ ಇರುವವನು ಸೋಲುತ್ತಾರೆ. ಬರಹ ಇವರ ಕಡೆಗಿರುತ್ತದೆ. ಆದ್ದರಿಂದ ಈ ವಾರ ನಿಮ್ಮ ಮನೆಯಲ್ಲಿ ಬರೆದಿಡಬೇಕಾದ ಕೆಲವು ಸಂಗತಿಗಳನ್ನು ಕುರಿತು ವಿಚಾರ ಮಾಡೋಣ.

ಮೊದಲು ಸಾಲದ ವಿಷಯ. ನಮ್ಮ ಜನರಲ್ಲಿ ಒಂದು ಗಾದೆಯಿದೆ: ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ. ಅಣ್ಣ ತಮ್ಮಂದಿರು, ಅಕ್ಕಪಕ್ಕದವರು, ಒಂದೇ ಅನ್ಬಿಯದವರು, ಒಬ್ಬರಿಗೊಬ್ಬರು ಕೊಡುವಾಗ ಚೀಟಿ ಬರೆಯುವುದಕ್ಕೆ ನಾಚುತ್ತಾರೆ. "ಬರೆಸಿಕೊಂಡರೆ ನಂಬಿಕೆ ಇಲ್ಲದಂತಾಯಿತಲ್ಲ" ಎನ್ನುತ್ತಾರೆ. ಇದು ತಪ್ಪು ತಿಳಿವಳಿಕೆ ಎಂದು ನನ್ನ ಖಚಿತವಾದ ಅಭಿಪ್ರಾಯ. ನೀವು ತೋಬಿತನ ಗ್ರಂಥವನ್ನು ತೆಗೆದು ನೋಡಿ. ದಾನಧರ್ಮದಲ್ಲಿ ತೋಬಿತನನ್ನು ಮೀರಿಸುವವರು ಯಾರು? ಬೀದಿಯಲ್ಲಿ ಬಿದ್ದ ಹೆಣಗಳನ್ನು ಹೊತ್ತು ತಂದು ಮಣ್ಣು ಮಾಡಿದವನು ಅವನು. ಅಂಥವನು ಮೇದ್ಯ ದೇಶದಲ್ಲಿ ಗಬಾಯೇಲನೆಂಬ ನೆಂಟನ ಬಳಿ ಹತ್ತು ತಲಾಂತು ಬೆಳ್ಳಿಯನ್ನು ಇಟ್ಟು ಬಂದಾಗ, ಇಬ್ಬರೂ ಪತ್ರ ಬರೆದುಕೊಂಡರು. ಆ ಪತ್ರವನ್ನು ಎರಡು ತುಂಡು ಮಾಡಿ ಆಳಿಗೊಂದರಂತೆ ಇಟ್ಟುಕೊಂಡರು. ಇಪ್ಪತ್ತು ವರ್ಷಗಳಾದ ಮೇಲೆ, ಕಣ್ಣು ಹೋಗಿ, ಕೈ ಬರಿದಾಗಿ, ಇನ್ನು ಸಾವೇ ಗತಿ ಎಂದುಕೊಂಡ ಆ ಮುದುಕ ಮಗ ತೋಬಿಯನನ್ನು ಕರೆದು ಹಣದ ವಿಷಯ ತಿಳಿಸುತ್ತಾನೆ. ಮಗ ಕೇಳುವ ಪ್ರಶ್ನೆ ಬಹಳ ಸಹಜವಾದದ್ದು: ಆತನಿಗೆ ನನ್ನ ಗುರುತಿಲ್ಲ, ನನಗೆ ಆತನ ಗುರುತಿಲ್ಲ, ಯಾವ ಆಧಾರದ ಮೇಲೆ ಕೇಳಲಿ? ಆಗ ಹೊರಬರುವುದು ಆ ಅರ್ಧ ಪತ್ರ. ಗಬಾಯೇಲನೂ ಪ್ರಾಮಾಣಿಕನೇ, ಮುದ್ರೆ ಒಡೆಯದ ಚೀಲಗಳನ್ನು ಎಣಿಸಿ ಕೊಟ್ಟ. ಇಬ್ಬರು ಒಳ್ಳೆಯವರ ನಡುವೆಯೂ ಪತ್ರ ಬೇಕಾಯಿತು. ಏಕೆಂದರೆ ಅವರ ಮಕ್ಕಳಿಗೆ ಒಬ್ಬರ ಗುರುತು ಇನ್ನೊಬ್ಬರಿಗೆ ಇರಲಿಲ್ಲ. ಸಿರಾಖನ ಗ್ರಂಥದ 42ನೆಯ ಅಧ್ಯಾಯವಂತೂ ನಾಚಿಕೆಪಡಬಾರದ ಸಂಗತಿಗಳ ಪಟ್ಟಿಯಲ್ಲಿಯೇ ಕೊಟ್ಟದ್ದು ಪಡೆದದ್ದನ್ನು ಬರೆದಿಡುವುದನ್ನೂ ಸೇರಿಸಿದೆ.

ಇದಕ್ಕೆ ವಿರುದ್ಧವಾದ ಉದಾಹರಣೆಗಳು ನಮ್ಮ ಊರುಗಳಲ್ಲಿ ಬೇಕಾದಷ್ಟಿವೆ. ಅಣ್ಣ ಮನೆ ಕಟ್ಟುವಾಗ ತಮ್ಮ ಹಣ ಕೊಟ್ಟಿದ್ದ. ತಮ್ಮನ ಮಟ್ಟಿಗೆ ಅದು ಸಾಲ. ಅಣ್ಣನ ಮಟ್ಟಿಗೆ ಅದು, ಹಿಂದೆ ತಮ್ಮನ ಓದಿಗೆ ತಾನು ಖರ್ಚು ಮಾಡಿದ್ದಕ್ಕೆ ತೀರಿಸಿದ ಋಣ. ಇಬ್ಬರಲ್ಲಿ ಯಾರೂ ಸುಳ್ಳುಗಾರರಲ್ಲ! ಒಂದೇ ಮಾತನ್ನು ಇಬ್ಬರೂ ಬೇರೆ ಬೇರೆಯಾಗಿ ನೆನಪಿಟ್ಟುಕೊಂಡಿದ್ದರು, ಅಷ್ಟೆ. ಅಂದು ಐದು ನಿಮಿಷ ಕುಳಿತು ಎರಡು ಸಾಲು ಬರೆದಿದ್ದರೆ, ಬರೆಯುವಾಗಲೇ ಆ ವ್ಯತ್ಯಾಸ ಹೊರಬೀಳುತ್ತಿತ್ತು. ಈಗ ಒಬ್ಬರು ಬೆಳಗಿನ ಪೂಜೆಗೆ ಬಂದರೆ ಇನ್ನೊಬ್ಬರು ಸಂಜೆಯ ಪೂಜೆಗೆ ಬರುತ್ತಾರೆ.

ಕಾನೂನಿನ ಒಂದು ಮಾತನ್ನೂ ತಿಳಿದಿರಿ. 1963ರ ಕಾಲಮಿತಿ ಕಾಯಿದೆಯ ಪ್ರಕಾರ ಕೈಸಾಲವನ್ನು ನ್ಯಾಯಾಲಯದ ಮೂಲಕ ಕೇಳುವುದಕ್ಕೆ ಸಾಮಾನ್ಯವಾಗಿ ಮೂರು ವರ್ಷಗಳ ಅವಧಿ ಮಾತ್ರ ಇದೆ. ಆ ಅವಧಿ ಮುಗಿಯುವ ಮೊದಲು ಸಾಲಗಾರನು "ಇಷ್ಟು ಕೊಡಬೇಕಾಗಿದೆ" ಎಂದು ಬರೆದು ಸಹಿ ಮಾಡಿದರೆ ಅಂದಿನಿಂದ ಹೊಸದಾಗಿ ಅವಧಿ ಆರಂಭವಾಗುತ್ತದೆ. ಬಾಯಲ್ಲಿ ಹೇಳಿದರೆ ಆಗುವುದಿಲ್ಲ.

ಇನ್ನು ಇದಕ್ಕಿಂತ ಮುಖ್ಯವಾದ ವಿಷಯಕ್ಕೆ ಬರುತ್ತೇನೆ. ಮನೆಯ ಯಜಮಾನ ಹಠಾತ್ತನೆ ತೀರಿಹೋದಾಗ ಏನಾಗುತ್ತದೆಂಬುದನ್ನು ಗುರುಗಳಾದ ನಾವು ಹತ್ತಿರದಿಂದ ನೋಡುತ್ತೇವೆ. ಒಂದು ಮನೆಯಲ್ಲಿ ಎದೆನೋವೆಂದು ಕುಳಿತವರು ಮತ್ತೆ ಏಳಲಿಲ್ಲ. ಸಾಲ ಕೊಟ್ಟವರು ಏಳನೆಯ ದಿನದ ಪೂಜೆ ಮುಗಿಯುವ ಮೊದಲೇ ಬಂದರು. ಸಾಲ ಪಡೆದವರು ಒಬ್ಬರೂ ಬರಲಿಲ್ಲ. ವಿಮೆ ಇದೆಯೆಂದು ಆ ತಾಯಿಗೆ ಗೊತ್ತು. ಕಾಗದ ಎಲ್ಲಿದೆಯೆಂದು ಗೊತ್ತಿಲ್ಲ. ಚೀಟಿ ಕಟ್ಟುತ್ತಿದ್ದರೆಂದು ಗೊತ್ತು. ಯಾರ ಬಳಿ, ಎಷ್ಟು ಕಂತು ಎಂಬುದು ಗೊತ್ತಿಲ್ಲ. ಎಲ್ಲವೂ ಫೋನಿನಲ್ಲಿತ್ತಂತೆ. ಫೋನನ್ನು ತೆರೆಯುವ ಗುಟ್ಟು ಅವರೊಂದಿಗೇ ಮಣ್ಣಿಗೆ ಹೋಗಿತ್ತು. ಹೆಂಡತಿಯನ್ನು ಅವರು ಪ್ರೀತಿಸುತ್ತಿರಲಿಲ್ಲವೇ? ಪ್ರೀತಿಸುತ್ತಿದ್ದರು. "ಅವಳಿಗೇಕೆ ಈ ತಲೆನೋವು" ಎಂದು ಎಲ್ಲವನ್ನೂ ತಾವೇ ಹೊತ್ತಿದ್ದರು. ಗಂಡಸರೇ, ಈ ಬಗೆಯ ಪ್ರೀತಿಯನ್ನು ದಯವಿಟ್ಟು ಕಡಿಮೆ ಮಾಡಿ.

ಇಂಥ ಕುಟುಂಬಗಳು ಒಂದೆರಡಲ್ಲ. ಹತ್ತು ವರ್ಷಗಳವರೆಗೆ ಯಾರೂ ಕೇಳದ ಬ್ಯಾಂಕ್ ಠೇವಣಿಗಳು ರಿಸರ್ವ್ ಬ್ಯಾಂಕು 2014ರಲ್ಲಿ ಸ್ಥಾಪಿಸಿದ ಒಂದು ನಿಧಿಗೆ ಹೋಗಿ ಸೇರುತ್ತವೆ. ಹೋದ ಹಣ ಮುಳುಗಿತೆಂದಲ್ಲ. ವಾರಸುದಾರರು ಆಧಾರಗಳನ್ನು ತೋರಿಸಿ ಬ್ಯಾಂಕಿನಿಂದ ಪಡೆಯಬಹುದು. 2023ರಲ್ಲಿ 'ಉದ್ಗಮ್' ಎಂಬ ಅಂತರ್ಜಾಲ ತಾಣವನ್ನೂ ಇದಕ್ಕಾಗಿ ತೆರೆದಿದ್ದಾರೆ. ನಿಮ್ಮ ಮನೆಯಲ್ಲಿ ತೀರಿಹೋದವರ ಖಾತೆ ಎಲ್ಲಾದರೂ ಉಳಿದಿರಬಹುದೆಂಬ ಅನುಮಾನವಿದ್ದರೆ ಕಾಲೇಜಿಗೆ ಹೋಗುವ ಮಕ್ಕಳಿಗೆ ಹೇಳಿ ಅದರಲ್ಲಿ ಹುಡುಕಿಸಿ.

ಆದ್ದರಿಂದ ಒಂದು ನೂರು ಪುಟದ ನೋಟುಬುಕ್ಕು ತನ್ನಿ. ಬ್ಯಾಂಕಿನ ಹೆಸರು, ಶಾಖೆ, ಖಾತೆಯ ಸಂಖ್ಯೆ, ನಾಮಿನಿ ಯಾರು, ವಿಮೆಯ ಸಂಖ್ಯೆ, ಜಮೀನಿನ ಪತ್ರ, ಪಹಣಿ ಎಲ್ಲಿವೆ, ಯಾರಿಗೆ ಕೊಡಬೇಕು, ಯಾರಿಂದ ಬರಬೇಕು, ಒತ್ತೆಯಿಟ್ಟ ಒಡವೆ ಯಾವ ಅಂಗಡಿಯಲ್ಲಿದೆ — ಇವನ್ನು ಬರೆಯಿರಿ. ಗಂಡ ಹೆಂಡತಿ ಇಬ್ಬರೂ ಕುಳಿತು ಬರೆಯಬೇಕು. ಎ.ಟಿ.ಎಮ್. ಕಾರ್ಡಿನ ಗುಟ್ಟಿನ ಸಂಖ್ಯೆಯನ್ನು ಮಾತ್ರ ಇದರಲ್ಲಿ ಬರೆಯಬೇಡಿ. ಪುಸ್ತಕ ಕಳ್ಳನ ಕೈಗೂ ಸಿಗಬಹುದಲ್ಲ! ಎಲ್ಲಿಡುವುದು? ಪ್ರವಾದಿ ಯೆರೆಮೀಯನು ಅನಾತೋತಿನ ಹೊಲವನ್ನು ಹದಿನೇಳು ಬೆಳ್ಳಿ ಶೆಕೆಲುಗಳಿಗೆ ಕೊಂಡಾಗ ಕ್ರಯಪತ್ರದ ಎರಡು ಪ್ರತಿಗಳನ್ನೂ ಮಣ್ಣಿನ ಮಡಕೆಯಲ್ಲಿಡಿಸಿದ. ಬಹುಕಾಲ ಉಳಿಯಲಿ ಎಂಬುದು ಆತನ ಉದ್ದೇಶ. ನಿಮಗೆ ತಗಡಿನ ಪೆಟ್ಟಿಗೆ ಸಾಕು, ಗೆದ್ದಲು ಹತ್ತದಂತೆ ನೋಡಿಕೊಳ್ಳಿ.

ಉಯಿಲಿನ ವಿಷಯವನ್ನು ಬಿಡಿಸಿ ಹೇಳಬೇಕಾಗಿದೆ, ಏಕೆಂದರೆ ಈ ಪದವನ್ನು ಕೇಳಿದರೇ ನಮ್ಮವರು ಅಪಶಕುನವೆಂಬಂತೆ ಮುಖ ತಿರುಗಿಸುತ್ತಾರೆ. ಕ್ರೈಸ್ತರಾದ ನಮಗೆ ಸಾಮಾನ್ಯವಾಗಿ 1925ರ ಭಾರತೀಯ ಉತ್ತರಾಧಿಕಾರ ಕಾಯಿದೆ ಅನ್ವಯಿಸುತ್ತದೆ. ಉಯಿಲು ಬರೆಯದೆ ತೀರಿಕೊಂಡರೆ, ಹೆಂಡತಿ ಮಕ್ಕಳಿರುವವನ ಆಸ್ತಿಯಲ್ಲಿ ಮೂರರಲ್ಲಿ ಒಂದು ಪಾಲು ಹೆಂಡತಿಗೆ, ಉಳಿದ ಎರಡು ಪಾಲು ಮಕ್ಕಳಿಗೆ. ಗಂಡುಮಕ್ಕಳಿಗೆ ಎಷ್ಟೋ ಹೆಣ್ಣುಮಕ್ಕಳಿಗೂ ಅಷ್ಟೇ. "ಹೆಣ್ಣುಮಕ್ಕಳಿಗೆ ಮದುವೆಯಲ್ಲಿ ಕೊಟ್ಟಾಯಿತು" ಎಂಬ ಮಾತು ಕಾನೂನಿನ ಮುಂದೆ ನಿಲ್ಲುವುದಿಲ್ಲ. ಉಯಿಲಿಗೆ ಛಾಪಾ ಕಾಗದ ಬೇಕಿಲ್ಲ, ಬಿಳಿಯ ಹಾಳೆ ಸಾಕು. ನೋಂದಣಿ ಮಾಡಿಸುವುದು ಒಳ್ಳೆಯದು, ಆದರೆ ಕಡ್ಡಾಯವಲ್ಲ. ಬರೆಯುವವನು ಪ್ರಾಪ್ತವಯಸ್ಕನಾಗಿ, ಸ್ವಸ್ಥಚಿತ್ತನಾಗಿರಬೇಕು. ಅವನ ಸಹಿಯನ್ನು ಕಂಡ ಇಬ್ಬರು ಸಾಕ್ಷಿಗಳು ಅವನ ಎದುರಿನಲ್ಲೇ ಸಹಿ ಮಾಡಬೇಕು. ಇಲ್ಲಿ ಎರಡು ಹಳ್ಳಗಳಿವೆ. ಸಾಕ್ಷಿಗೆ, ಅಥವಾ ಸಾಕ್ಷಿಯ ಗಂಡನಿಗೋ ಹೆಂಡತಿಗೋ ಏನಾದರೂ ಬರೆದಿದ್ದರೆ ಆ ಭಾಗ ಅಸಿಂಧುವಾಗುತ್ತದೆ. ಮಗಳಿಗೆ ಮನೆ ಬರೆದು ಅಳಿಯನನ್ನೇ ಸಾಕ್ಷಿ ಹಾಕಿಸಿದವರು ಇದನ್ನು ಗಮನಿಸಿ. ಎರಡನೆಯದು, ಉಯಿಲು ಬರೆದ ಮೇಲೆ ಮದುವೆಯಾದರೆ ಹಳೆಯ ಉಯಿಲು ತಾನಾಗಿಯೇ ರದ್ದಾಗುತ್ತದೆ. ಹೆಂಡತಿ ತೀರಿಕೊಂಡ ಮೇಲೆ ಇನ್ನೊಂದು ಮದುವೆಯಾದವರು ಹೊಸದಾಗಿ ಬರೆಯಬೇಕು. ಒಬ್ಬ ವಕೀಲರಿಗೆ ತೋರಿಸಿದರೆ ಇಂಥವು ತಪ್ಪುತ್ತವೆ. ದೇವಾಲಯಕ್ಕೂ ಸ್ವಲ್ಪ ಬರೆಯಿರೆಂದು ಹೇಳುವುದಕ್ಕೆ ನಾನು ಈ ವಿಷಯವನ್ನು ಎತ್ತಲಿಲ್ಲ. ಮೊದಲು ಮನೆಯವರಿಗೆ ನ್ಯಾಯವಾಗಲಿ.

ಹೆಸರಿನ ಅಕ್ಷರಗಳ ಬಗ್ಗೆಯೂ ಎಚ್ಚರವಿರಲಿ. ಜ್ಞಾನಸ್ನಾನದ ಪುಸ್ತಕದಲ್ಲಿ ಅಂತೋಣಿರಾಜ್, ಶಾಲೆಯಲ್ಲಿ ಆಂಟನಿ ರಾಜು, ಆಧಾರ್ ಕಾರ್ಡಿನಲ್ಲಿ ಇನ್ನೊಂದು. ಒಬ್ಬನೇ ಮನುಷ್ಯ ಮೂವರಾದ ಮೇಲೆ ಪಿಂಚಣಿ ಯಾರಿಗೆ ಕೊಡುವುದು? ಮಗುವಿನ ಹೆಸರನ್ನು ಮೊದಲ ದಿನವೇ ಕನ್ನಡದಲ್ಲಿಯೂ ಇಂಗ್ಲಿಷಿನಲ್ಲಿಯೂ ನಿಶ್ಚಯಿಸಿ ಬರೆದಿಟ್ಟು, ಎಲ್ಲ ಕಡೆಗೂ ಅದನ್ನೇ ಕೊಡಿ. ಸರ್ಕಾರದಲ್ಲಿ ಜನನವನ್ನು 21 ದಿನಗಳೊಳಗೆ ನೋಂದಾಯಿಸಬೇಕು. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದ ಮಕ್ಕಳಿಗೆ ಶಾಲಾ ಪ್ರವೇಶ ಮೊದಲಾದುವಕ್ಕೆ ಆ ಪ್ರಮಾಣಪತ್ರವೇ ಆಧಾರ. ಜ್ಞಾನಸ್ನಾನದ ಪತ್ರ ಅದರ ಬದಲಿಗೆ ನಡೆಯುವುದಿಲ್ಲ.

ಕಾಯಿಲೆಯವರಿರುವ ಮನೆಯಲ್ಲಿ ಬರಹ ಜೀವವನ್ನೇ ಉಳಿಸಬಲ್ಲದು. ಯಾವ ಮಾತ್ರೆ, ಎಷ್ಟು ಹೊತ್ತಿಗೆ, ಯಾವ ಔಷಧ ಮೈಗೆ ಒಗ್ಗುವುದಿಲ್ಲ, ಸಕ್ಕರೆಯ ಪ್ರಮಾಣ ಕಳೆದ ತಿಂಗಳು ಎಷ್ಟಿತ್ತು ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ಗೋಡೆಗೆ ತೂಗುಹಾಕಿ. ವೈದ್ಯರ ಮುಂದೆ ಕುಳಿತಾಗ ಅರ್ಧ ಮಾತು ಮರೆತೇ ಹೋಗುತ್ತದೆ. ಕೇಳಬೇಕಾದದ್ದನ್ನು ಮೊದಲೇ ಬರೆದುಕೊಂಡು ಹೋಗಿ. ವೈದ್ಯರೂ ಮರೆಯುತ್ತಾರೆಂಬುದನ್ನು ಅವರೇ ಒಪ್ಪಿಕೊಂಡಿದ್ದಾರೆ. ಶಸ್ತ್ರಚಿಕಿತ್ಸೆಗೆ ಮೊದಲು ಮತ್ತು ಅನಂತರ ನೋಡಬೇಕಾದ ಸಣ್ಣ ಸಣ್ಣ ಅಂಶಗಳನ್ನು ವಿಶ್ವ ಆರೋಗ್ಯ ಸಂಸ್ಥೆಯವರು ಒಂದು ಹಾಳೆಯಲ್ಲಿ ಪಟ್ಟಿ ಮಾಡಿ, ದೆಹಲಿಯೂ ಸೇರಿ ಎಂಟು ನಗರಗಳ ಆಸ್ಪತ್ರೆಗಳಲ್ಲಿ ಪ್ರಯೋಗಿಸಿದರು. 2009ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಶೇಕಡಾ 1.5ರಷ್ಟಿದ್ದ ಮರಣ ಶೇಕಡಾ 0.8ಕ್ಕೆ ಇಳಿಯಿತು. ಹೊಸ ಔಷಧವಿಲ್ಲ, ಹೊಸ ಯಂತ್ರವಿಲ್ಲ, ಒಂದು ಹಾಳೆ!

ಬರೆದರೆ ನೆನಪಿನ ಶಕ್ತಿ ಕುಂದುವುದಿಲ್ಲವೇ ಎಂದು ಕೆಲವರು ಕೇಳಬಹುದು. ಹಳೆಯ ಪ್ರಶ್ನೆಯೇ. ಪ್ಲೇಟೋನ 'ಫೀಡ್ರಸ್' ಸಂವಾದದಲ್ಲಿ ಸಾಕ್ರೆಟಿಸ್ ಒಂದು ಈಜಿಪ್ತಿನ ಕಥೆ ಹೇಳುತ್ತಾನೆ. ಅಕ್ಷರಗಳನ್ನು ಕಂಡುಹಿಡಿದ ದೇವತೆ ಥ್ಯೂತ್ ಅದನ್ನು ಹೊಗಳಿಕೊಂಡಾಗ, ಅರಸ ಥಾಮಸ್ ಇದರಿಂದ ಜನರು ಮರೆಗುಳಿಗಳಾಗುತ್ತಾರೆಂದು ಆಕ್ಷೇಪಿಸುತ್ತಾನೆ. ಗುರುಮಠದಲ್ಲಿ ತತ್ವಶಾಸ್ತ್ರ ಓದುವಾಗ ನಾವು ಇದರ ಮೇಲೆ ಗಂಟೆಗಟ್ಟಲೆ ವಾದ ಮಾಡುತ್ತಿದ್ದೆವು. ಅರಸನ ಮಾತಿನಲ್ಲಿ ಸತ್ಯವಿಲ್ಲದಿಲ್ಲ. ಎಲ್ಲವನ್ನೂ ಫೋನಿಗೆ ಒಪ್ಪಿಸಿ ಸ್ವಂತ ಮನೆಯವರ ನಂಬರನ್ನೂ ಮರೆತಿರುವ ನಮಗೆ ಅದು ತಟ್ಟಬೇಕು. ಪ್ರಾರ್ಥನೆಗಳನ್ನು ಮಕ್ಕಳು ಬಾಯಿಪಾಠವೇ ಮಾಡಲಿ. ಆದರೆ ಹಾಲಿನ ಲೆಕ್ಕವನ್ನೂ ಕರೆಂಟು ಬಿಲ್ಲಿನ ಕೊನೆಯ ದಿನಾಂಕವನ್ನೂ ತಲೆಯಲ್ಲಿ ಹೊತ್ತು ತಿರುಗುವುದರಲ್ಲಿ ಯಾವ ಪುಣ್ಯವೂ ಇಲ್ಲ. ನಮ್ಮ ಹಿರಿಯರು ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲು ಬಳಿದು ಮಡಿಸಿ 'ಕಡತ' ಮಾಡಿಕೊಂಡು ಬಳಪದಿಂದ ಲೆಕ್ಕ ಬರೆಯುತ್ತಿದ್ದರು. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕ ಗುರುತು ಹಾಕುವ ತಾಯಂದಿರು ಆ ಪರಂಪರೆಯವರೇ.

ರಾತ್ರಿ ನಿದ್ದೆ ಬಾರದೆ ಹೊರಳಾಡುವವರಿಗೂ ಇದು ಉಪಯೋಗಕ್ಕೆ ಬರುತ್ತದೆ. ಅಮೆರಿಕದ ಬೇಲರ್ ವಿಶ್ವವಿದ್ಯಾಲಯದವರು 57 ಮಂದಿ ಯುವಜನರನ್ನು ಪರೀಕ್ಷಿಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮಲಗುವ ಮೊದಲು ಐದು ನಿಮಿಷ ನಾಳೆಯ ಕೆಲಸಗಳನ್ನು ಬರೆದವರು, ಮುಗಿದ ಕೆಲಸಗಳನ್ನು ಬರೆದವರಿಗಿಂತ ಸುಮಾರು ಒಂಬತ್ತು ನಿಮಿಷ ಬೇಗ ನಿದ್ದೆಹೋದರು. ಚಿಂತೆ ಕಾಗದಕ್ಕಿಳಿದರೆ ತಲೆ ಹಗುರವಾಗುತ್ತದೆ.

ಆತ್ಮದ ಲೆಕ್ಕವನ್ನೂ ಬರೆದವರಿದ್ದಾರೆ. ಲೊಯೋಲಾದ ಸಂತ ಇಗ್ನಾಸಿಯವರು ತಮ್ಮ 'ಆಧ್ಯಾತ್ಮಿಕ ಸಾಧನೆಗಳು' ಗ್ರಂಥದಲ್ಲಿ ವಾರದ ಏಳು ದಿನಗಳಿಗೆ ಗೆರೆ ಎಳೆದು, ಬಿಡಬೇಕೆಂದಿರುವ ಒಂದೇ ದೋಷವನ್ನು ಆರಿಸಿಕೊಂಡು, ಜಾರಿಬಿದ್ದ ಪ್ರತಿ ಸಲಕ್ಕೂ ಒಂದು ಚುಕ್ಕಿ ಹಾಕುವಂತೆ ಹೇಳುತ್ತಾರೆ. ದಿನದಿಂದ ದಿನಕ್ಕೆ, ವಾರದಿಂದ ವಾರಕ್ಕೆ ಹೋಲಿಸಬೇಕು. ಕೋಪ ಬಿಡುತ್ತೇನೆಂದು ಹೊಸ ವರ್ಷದಲ್ಲಿ ನಿಶ್ಚಯ ಮಾಡುವವರಿಗೆ ಈ ಚುಕ್ಕಿಗಳು ನಿಜವನ್ನು ಹೇಳುತ್ತವೆ. ಸಂತ ಇಪ್ಪತ್ತಮೂರನೆಯ ಜಾನ್ ಪೋಪರು ಹದಿನಾಲ್ಕರ ಹುಡುಗನಾಗಿದ್ದಾಗ, 1895ರಲ್ಲಿ, ಬರೆಯಲಾರಂಭಿಸಿದ ಟಿಪ್ಪಣಿಗಳನ್ನು ಪೋಪರಾದ ಮೇಲೂ ಮುಂದುವರಿಸಿದರು. ಅವರು ತೀರಿಕೊಂಡ ಮರುವರ್ಷ, 1964ರಲ್ಲಿ, ಅವು ಪುಸ್ತಕವಾಗಿ ಬಂದವು. ಗಣಿತಜ್ಞ ಪಾಸ್ಕಲನ ಕಥೆ ಇನ್ನೂ ವಿಶೇಷ. 1654ರ ನವೆಂಬರ್ 23ರ ರಾತ್ರಿ ಅವನಿಗೆ ದೇವರ ಅನುಭವವಾಯಿತು. ಅದನ್ನು ಬರೆದು ಕೋಟಿನ ಒಳಪದರಕ್ಕೆ ಹೊಲಿದುಕೊಂಡ, ಯಾರಿಗೂ ಹೇಳಲಿಲ್ಲ. 1662ರಲ್ಲಿ ಅವನು ಸತ್ತ ಮೇಲೆ ಸೇವಕನಿಗೆ ಬಟ್ಟೆಯೊಳಗೆ ಏನೋ ಗಟ್ಟಿಯಾಗಿ ಸಿಕ್ಕಿದಾಗಲೇ ಅದು ಹೊರಬಂದದ್ದು. ಪಾಪನಿವೇದನೆಗೆಂದು ಬರೆದ ಚೀಟಿಯನ್ನು ಮಾತ್ರ ನೀವು ಹೀಗೆ ಜೇಬಿನಲ್ಲಿ ಬಿಡಬೇಡಿ, ಮುಗಿದೊಡನೆ ಹರಿದುಹಾಕಿ. ಬಟ್ಟೆ ಒಗೆಯುವವರ ಕೈಗೆ ಸಿಗಬೇಕಾದ ದಾಖಲೆ ಅದಲ್ಲ.

ಬರೆಯಬಾರದ ಲೆಕ್ಕವೂ ಒಂದಿದೆ. ಸಂತ ಪೌಲರು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರದಲ್ಲಿ ಪ್ರೀತಿಯ ಗುಣಗಳನ್ನು ಹೇಳುತ್ತಾ, ಅದು ಕೇಡನ್ನು ಲೆಕ್ಕವಿಡುವುದಿಲ್ಲ ಎಂಬರ್ಥದಲ್ಲಿ ಬಳಸಿದ ಗ್ರೀಕ್ ಪದ ವರ್ತಕರ ಲೆಕ್ಕದ ಪುಸ್ತಕದಿಂದ ಬಂದದ್ದು. ಅತ್ತೆ ಯಾವ ದಿನ ಏನೆಂದರು, ನಾದಿನಿ ಯಾವ ಹಬ್ಬಕ್ಕೆ ಸೀರೆ ಕೊಡಲಿಲ್ಲ ಎಂಬುದು ನಿಮ್ಮ ನೂರು ಪುಟಗಳಲ್ಲಿ ಒಂದು ಸಾಲನ್ನೂ ಆಕ್ರಮಿಸದಿರಲಿ. ಸಿಟ್ಟು ತಡೆಯಲಾಗದಿದ್ದರೆ ಬೇರೆ ಹಾಳೆಯಲ್ಲಿ ಬರೆಯಿರಿ, ಎರಡು ದಿನ ಇಟ್ಟುಕೊಂಡು ಒಲೆಗೆ ಹಾಕಿ. ಆದರೆ ಮನೆಯಲ್ಲಿ ಹೊಡೆತ ಬಡಿತವನ್ನು ಅನುಭವಿಸುತ್ತಿರುವ ತಾಯಂದಿರಿಗೆ ನಾನು ಈ ಮಾತು ಹೇಳುತ್ತಿಲ್ಲ. ನೀವು ದಿನಾಂಕ ಸಹಿತ ಬರೆದಿಟ್ಟುಕೊಳ್ಳಿ, ನಂಬಿಕೆಯವರೊಬ್ಬರ ಮನೆಯಲ್ಲಿಡಿ. ಕ್ಷಮಿಸುವುದಕ್ಕೂ ರಕ್ಷಣೆ ಕೇಳುವುದಕ್ಕೂ ವಿರೋಧವಿಲ್ಲ.

ಪುಸ್ತಕದ ಕೊನೆಯ ಕೆಲವು ಹಾಳೆಗಳನ್ನು ಅಜ್ಜ ಅಜ್ಜಿಗಾಗಿ ಬಿಡಿ. ಅವರ ತಂದೆತಾಯಿ ಯಾರು, ಯಾವ ಊರಿನಿಂದ ಬಂದರು, ಯಾರ ಸಮಾಧಿ ಎಲ್ಲಿದೆ, ಬಾಲ್ಯದಲ್ಲೇ ತೀರಿಹೋದ ಮಕ್ಕಳ ಹೆಸರೇನು ಎಂದು ಕೇಳಿ, ಅವರು ಹೇಳಿದ ಮಾತಿನಲ್ಲೇ ಬರೆದುಕೊಳ್ಳಿ. ಮೊಮ್ಮಕ್ಕಳು ಬರೆದರೆ ಅಜ್ಜಿ ಹೆಚ್ಚು ಹೇಳುತ್ತಾರೆ. ತಾರೀಖುಗಳು ತಿಳಿಯದಿದ್ದರೆ ಹೆಸರುಗಳನ್ನೂ ಅಂದಾಜು ವರ್ಷವನ್ನೂ ಬರೆದುಕೊಂಡು ಧರ್ಮಕೇಂದ್ರದ ಕಚೇರಿಗೆ ಬನ್ನಿ. ಭಾನುವಾರ ಪೂಜೆಯ ನಂತರ ಗಡಿಬಿಡಿ ಇರುತ್ತದೆ. ವಾರದ ನಡುವೆ ಬಂದರೆ ಹಳೆಯ ಪುಸ್ತಕಗಳನ್ನು ನಿಧಾನವಾಗಿ ತಿರುವಿ ಹುಡುಕಬಹುದು.